ವಿಮಾನದ ಅರಿಶಿನ ಕುಂಕುಮ

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ವಿಮಾನ ನಿಲ್ದಾಣ ಬರುತ್ತದೆ ಎಂಬ ಸುದ್ದಿ ಪೇಪರಿನಲ್ಲಿ ಬಂದ ದಿನ, ಇಡೀ ಜನ್ನಾಪುರ ಬಡಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನು. ವಿಮಾನ ಹತ್ತುವ ಆಸೆಯಿಂದಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೇ ನನಗೆ ಹೊಟ್ಟೆ ತೊಳೆಸುತ್ತದೆ. ಆದರೆ ಆ ಸುದ್ದಿಯ ಕೊನೆಯ ಸಾಲಿನಲ್ಲಿ, ‘ನಿಲ್ದಾಣದ ಸುತ್ತಲಿನ ಬಡಾವಣೆಗಳ ರಸ್ತೆ, ಬಸ್ಸು ಮತ್ತಿತರ ಅಭಿವೃದ್ಧಿಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಸಂಗ್ರಹಿಸಲಾಗುವುದು’ ಎಂದಿತ್ತು. ಅಭಿಪ್ರಾಯ! ನಮ್ಮ ಮನೆಯಲ್ಲಿ ಸಕ್ಕರೆ ಮುಗಿಯುತ್ತದೆ, ಸೀಮೆಎಣ್ಣೆ ಮುಗಿಯುತ್ತದೆ, ಅಭಿಪ್ರಾಯ ಮಾತ್ರ ಯಾವತ್ತೂ ಮುಗಿದದ್ದಿಲ್ಲ.

“ರೀ, ಕೇಳಿದ್ರಾ? ಸರ್ಕಾರದವರು ನಮ್ಮ ಅಭಿಪ್ರಾಯ ಕೇಳ್ತಾರಂತೆ!”

ನಮ್ಮ ಯಜಮಾನರು ಕಾರ್ಖಾನೆಯ ನೈಟ್ ಶಿಫ್ಟ್ ಮುಗಿಸಿ ಬಂದು ಚಾಪೆ ಹಾಸಿಕೊಳ್ಳುತ್ತಿದ್ದರು. “ಪಾಪ, ನಿನ್ನ ವಿಷಯ ಅವರಿಗೆ ಗೊತ್ತಿಲ್ಲ” ಎಂದು ಹೇಳಿ ಮುಸುಕು ಹಾಕಿಕೊಂಡರು.

ಇಲ್ಲಿ ಬಸ್ಸಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಕಾಲದಲ್ಲಿ ನಮ್ಮ ಬಡಾವಣೆಯ ಒಳಕ್ಕೆ ಬರುತ್ತಿದ್ದುದು ದಿನಕ್ಕೆ ಒಂದೇ ಒಂದು ಬಸ್ಸು. ಬೆಳಿಗ್ಗೆ ಏಳಕ್ಕೆ ಬಂದು, ನೀರಿನ ಟ್ಯಾಂಕಿನ ಹತ್ತಿರ ತಿರುಗಿಸಿಕೊಂಡು, ಶಿವಮೊಗ್ಗಕ್ಕೆ ಹೋಗುತ್ತಿತ್ತು. ಮಿಕ್ಕ ಬಸ್ಸುಗಳೆಲ್ಲ ಮೈನ್ ರೋಡಿನಲ್ಲೇ ಹಾರ್ನ್ ಹೊಡೆದುಕೊಂಡು ಹೋಗಿಬಿಡುತ್ತಿದ್ದವು. ಪಕ್ಕದ ಮನೆಯ ಸೆಲ್ವಿ ಈ ಏಳರ ಬಸ್ಸನ್ನೇ ನಂಬಿಕೊಂಡಿದ್ದಳು. ಅವಳು ಶಿವಮೊಗ್ಗದ ಕೋಟೆ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಎಂಟಕ್ಕೆ ಡ್ಯೂಟಿ. ಹೋಗುವಾಗ ಬಸ್ಸಿದೆ, ಬರುವಾಗ ಇಲ್ಲ. ಇಡೀ ದಿನ ನಿಂತೇ ಕೆಲಸ ಮಾಡಿದ ಮೇಲೆ ಸಾಯಂಕಾಲ ಮೈನ್ ರೋಡಿನಲ್ಲಿ ಇಳಿದು ಎರಡು ಕಿಲೋಮೀಟರ್ ನಡೆದು ಬರಬೇಕು. ಬಂದವಳೇ ಬಿಸಿನೀರಿನ ಬಕೆಟ್ಟಿನಲ್ಲಿ ಊದಿದ ಕಾಲಿಟ್ಟುಕೊಂಡು ಜಗುಲಿಯ ಮೇಲೆ ಕೂರುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು.

ಅವತ್ತು ಸಂಜೆ ಕಾಂಪೌಂಡಿನ ಈಚೆಯಿಂದಲೇ ಕೂಗಿದೆ. “ಸೆಲ್ವೀ, ವಿಮಾನ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ನಿಂಗೆ ಸಾಯಂಕಾಲದ ಬಸ್ಸು ನಾನು ತರಿಸ್ತೀನಿ!”

“ನಿಜವಾ ಅಕ್ಕಾ?” ಎಂದಳು. ಬಕೆಟ್ಟಿನಿಂದ ಕಾಲನ್ನೇ ತೆಗೆದುಬಿಟ್ಟಳು. ಅಷ್ಟು ಖುಷಿ ಅವಳಿಗೆ.

ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಸಭೆ. ಮದುವೆಯ ವೇದಿಕೆಯ ಮೇಲೆ, ವಧೂವರರ ಕುರ್ಚಿಯಲ್ಲಿ, ಕನ್ನಡಕದ ಅಧಿಕಾರಿಯೊಬ್ಬರು ಒಬ್ಬರೇ ಕೂತಿದ್ದರು. ತುಂಬಾ ಮೃದುವಾದ ಮನುಷ್ಯ. “ಪ್ರತಿ ಬಡಾವಣೆಯಿಂದ ಒಬ್ಬರು ಜವಾಬ್ದಾರಿ ತಗೊಳ್ಳಿ. ಹತ್ತು ದಿನದಲ್ಲಿ ಜನರ ಅಭಿಪ್ರಾಯ ಬರವಣಿಗೆಯಲ್ಲಿ ತಂದುಕೊಡಿ. ಏನು ಬೇಕೋ ಅದನ್ನ ‘ಅಪೇಕ್ಷೆ’ ಅಂತ ಬರೀರಿ. ಏನು ಬೇಡವೋ ಅದನ್ನ ‘ಆಕ್ಷೇಪಣೆ’ ಅಂತ ಬರೀರಿ. ಇಷ್ಟೇ, ಬಹಳ ಸುಲಭ” ಎಂದರು. ಎಲ್ಲರೂ ಮಂಟಪದ ಫ್ಯಾನು ನೋಡತೊಡಗಿದರು. ನಾನು ಎದ್ದು ನಿಂತೆ. ಒಂದು ಕೈ ಸಾಲದು ಎನಿಸಿ ಎರಡೂ ಕೈ ಎತ್ತಿದೆ.

“ಜನ್ನಾಪುರ ನನಗೆ ಬಿಡಿ ಸಾರ್!”

“ತಮ್ಮ ಹೆಸರು?”

“ವಿಶಾಲಾಕ್ಷಿ. ಮಹಿಳಾ ಸಮಾಜದ ಕಾರ್ಯದರ್ಶಿ. ಕನ್ನಡ ಬಿ.ಎ.!”

ಈ ಕನ್ನಡ ಬಿ.ಎ. ಇದೆಯಲ್ಲ, ನನ್ನ ಸಕಲ ಅನಾಹುತಗಳಿಗೂ ಅದೇ ಮೂಲ. ಮನೆಗೆ ಬಂದು ಒಂದು ಫಾರಂ ತಯಾರಿಸಲು ಕೂತೆ. ‘ಅಪೇಕ್ಷೆ’ ಎಂದು ಬರೆದೆ. ನೋಡಿದೆ. ಮನಸ್ಸಿಗೆ ಹಿಡಿಸಲಿಲ್ಲ. ಬರೀ ಮೂರು ಅಕ್ಷರ! ಮಗು ಪೆಪ್ಪರಮಿಂಟು ಕೇಳಿದ ಹಾಗಿದೆ. ಅದೇ ‘ಆಕ್ಷೇಪಣೆ’ಗೆ ನೋಡಿ, ನಾಲ್ಕು ಅಕ್ಷರ. ಬೇಡ ಎನ್ನುವವರಿಗೆ ನಾಲ್ಕು, ಬೇಕು ಎನ್ನುವ ಬಡವರಿಗೆ ಮೂರು! ಈ ಅನ್ಯಾಯವನ್ನು ಸಹಿಸುವುದು ಹೇಗೆ? ನಿರೀಕ್ಷೆಯಿಂದ ನಿರೀಕ್ಷಣೆ ಆಗುವುದಾದರೆ ಅಪೇಕ್ಷೆಯಿಂದ ‘ಅಪೇಕ್ಷಣೆ’ ಯಾಕಾಗಬಾರದು? ಅಲ್ಲೇ ಪದ ಸೃಷ್ಟಿ ಮಾಡಿದೆ. ‘ವಿಮಾನ ನಿಲ್ದಾಣದ ಸುತ್ತಲಿನ ಸಾರಿಗೆ ಹಾಗೂ ಅಭಿವೃದ್ಧಿ ಕುರಿತು ಜನ್ನಾಪುರದ ಸಾರ್ವಜನಿಕರ ಅಪೇಕ್ಷಣೆ.’ ಓದಿಕೊಂಡರೆ ನನಗೇ ಮೈ ಜುಮ್ಮೆಂದಿತು. ಬೇಡದ್ದರ ಪಟ್ಟಿ ಮಾಡಲೇ ಇಲ್ಲ. ಶುಭಕಾರ್ಯದಲ್ಲಿ ‘ಬೇಡ’ ಯಾಕೆ?

ಕೈಬರಹದ ಹಾಳೆಯನ್ನು ನಮ್ಮ ರಸ್ತೆಯ ಕೊನೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಇಮ್ತಿಯಾಜ್ ಭಾಯ್‌ಗೆ ಕೊಟ್ಟುಬಂದೆ. ಊರಿನ ಲಗ್ನಪತ್ರಿಕೆಗಳೆಲ್ಲ ಅವರದೇ ಕೆಲಸ. ಒಂದು ಕೊಂಬು ತಪ್ಪಿದರೂ ಅವರಿಗೆ ಊಟ ಸೇರುವುದಿಲ್ಲ. ಮಧ್ಯಾಹ್ನ ಫೋನ್ ಬಂತು.

“ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಹೆಡ್ಡಿಂಗಲ್ಲಿ ಅಕ್ಷರ ಆಕಡೆ ಈಕಡೆ ಆಗಿದೆ ಅನ್ಸುತ್ತೆ. ಪ ಮುಂದೆ ಬಂದುಬಿಟ್ಟಿದೆ, ಕ್ಷ ಹಿಂದೆ ಉಳಿದುಬಿಟ್ಟಿದೆ. ಸರಿ ಮಾಡ್ಲಾ?”

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. “ಭಾಯ್, ತಪ್ಪಿದ್ರೆ ತಿದ್ದೋದಕ್ಕೂ ಕೇಳಬೇಕಾ? ತಿದ್ದಿ, ಇನ್ನೂರು ಕಾಪಿ ಹೊಡೀರಿ!” ಎಂದು ಫೋನಿಟ್ಟು ಓಡಿದೆ. ಹಾಲನ್ನು ಉಳಿಸಿಕೊಂಡೆ.

ಸಾಯಂಕಾಲ ಫಾರಂ ಕಟ್ಟು ಬಂತು. ಕೆಳಗೆ ‘ಸಂಗ್ರಹಿಸಿದವರು: ಶ್ರೀಮತಿ ವಿಶಾಲಾಕ್ಷಿ, ಕನ್ನಡ ಬಿ.ಎ.’ ಎಂಬುದನ್ನು ಮೂರು ಸಲ ಓದಿದೆ. ಒಂದು ತಪ್ಪೂ ಇರಲಿಲ್ಲ. ಮೇಲಿನದನ್ನು ಓದಲಿಲ್ಲ. ನಾನೇ ಬರೆದದ್ದನ್ನು ನಾನೇ ಯಾಕೆ ಓದಲಿ?

ಮರುದಿನ ಎರಡು ಗಂಟೆಯ ಸೈರನ್ ಹೊತ್ತಿಗೆ ಕಾರ್ಖಾನೆಯ ಗೇಟಿನ ಎದುರು ಮರದ ಕೆಳಗೆ ನಿಂತೆ. ಶಿಫ್ಟ್ ಬಿಟ್ಟಿತು. ಸೈಕಲ್ಲುಗಳು, ಸ್ಕೂಟರುಗಳು ಕಟ್ಟೆ ಒಡೆದ ನೀರಿನಂತೆ ಬಂದವು. ಒಬ್ಬರಾದರೂ ನಿಲ್ಲಬೇಕಲ್ಲ!

“ಸ್ವಲ್ಪ ನಿಮ್ಮ ಅಭಿಪ್ರಾಯ...”

“ಗಣಪತಿ ಚಂದಾ ಹೋದ ತಿಂಗಳೇ ಕೊಟ್ಟಾಯ್ತು ತಾಯಿ!” ಎಂದು ಒಬ್ಬರು ಪೆಡಲ್ ತುಳಿದರು.

“ಚಂದಾ ಅಲ್ಲ, ವಿಮಾನ...”

“ಜಮೀನು ಹೋಗ್ತದಾ? ಹೋಗ್ಲಿ ಬಿಡಮ್ಮ, ನಮ್ಗೆ ಜಮೀನೇ ಇಲ್ಲ!” ಎಂದು ಇನ್ನೊಬ್ಬರು ಬಹಳ ಸಂತೋಷದಿಂದ ಹೋದರು.

ಗಾಳಿಗೆ ಒಂದು ಫಾರಂ ಹಾರಿ ರಸ್ತೆಗೆ ಬಿತ್ತು. ಅದರ ಮೇಲೆ ಒಂದು ಸ್ಕೂಟರ್ ಹೋಯಿತು. ಅವತ್ತಿನ ಒಟ್ಟು ಸಂಗ್ರಹ ಅದೊಂದು ಟೈರಿನ ಗುರುತು.

ನಿರಾಸೆಯಾಯಿತು, ನಿಜ. ಆದರೆ ನನ್ನ ತಲೆ ಸುಮ್ಮನೆ ಕೂರುವ ತಲೆಯಲ್ಲ. ಅಭಿಪ್ರಾಯಕ್ಕೆ ಕರೆದರೆ ಯಾರೂ ಬರುವುದಿಲ್ಲ, ಸರಿ. ಅರಿಶಿನ ಕುಂಕುಮಕ್ಕೆ ಕರೆದರೆ? ಬರುವುದಿಲ್ಲ ಎಂದವರನ್ನು ನಾನು ಇದುವರೆಗೂ ಕಂಡಿಲ್ಲ! ಮನೆ ಮನೆಗೆ ಹೋಗಿ ಕರೆದುಬಂದೆ. ಶ್ರಾವಣವಲ್ಲ, ನವರಾತ್ರಿಯಲ್ಲ. ಎಲ್ಲರಿಗೂ ಆಶ್ಚರ್ಯ.

“ಏನು ವ್ರತ ಹಿಡಿದಿದ್ದೀರಿ ವಿಶಾಲಮ್ಮ?”

“ವಿಮಾನದ್ದು! ಬನ್ನಿ ಬನ್ನಿ!”

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ್ತಿಲಲ್ಲಿ ಸೆಲ್ವಿ ಹೂವು ಕೊಡುತ್ತಿದ್ದಳು. ಒಳಗೆ ತಾಂಬೂಲ, ಕಡಲೆಕಾಳು ಉಸಲಿ. ಮಧ್ಯದಲ್ಲಿ ಮಣೆಯ ಮೇಲೆ ಫಾರಂ ಕಟ್ಟು, ಗಾಳಿಗೆ ಹಾರದಿರಲಿ ಎಂದು ಅದರ ಮೇಲೆ ಕುಂಕುಮದ ಭರಣಿ. ಹಿಂದಿನ ಬೀದಿಯ ಗೌರಜ್ಜಿ ಬಂದವರೇ ಆ ಕಟ್ಟಿಗೆ ಅಡ್ಡಬಿದ್ದು, ಎರಡು ಅಕ್ಷತೆ ಹಾಕಿ, “ಯಾವ ದೇವರು ಮಗಾ?” ಎಂದು ಕೇಳಿದರು.

“ದೇವರಲ್ಲ ಅಜ್ಜಿ, ಅಭಿಪ್ರಾಯ.”

“ಒಳ್ಳೇದಾಗ್ಲಿ” ಎಂದು ಇನ್ನೊಂದು ಸಲ ಕೈಮುಗಿದರು.

ಕುಂಕುಮ ಇಡು, ಅಭಿಪ್ರಾಯ ತಗೋ, ಉಸಲಿ ಕೊಡು. ಇದು ಕ್ರಮ. ಮೊದಲ ಫಾರಂ ಸೆಲ್ವಿಯದೇ ಆಗಬೇಕು ಎಂದು ನನ್ನ ಹಟ.

“ಹೇಳು ಸೆಲ್ವಿ, ಏನು ಬೇಕು?”

“ಸಾಯಂಕಾಲ ನಮ್ಮ ಜನ್ನಾಪುರ ಒಳಗೆ ಬರೋ ಬಸ್ಸು ಬೇಕು ಅಕ್ಕಾ.”

ಬರೆಯುವಾಗ ಯೋಚಿಸಿದೆ. ‘ಸಾಯಂಕಾಲ’ ಎಂದರೆ ಒಂದೇ ಬಸ್ಸು ಕೊಡುತ್ತಾರೆ. ಅದನ್ನು ಬಿಟ್ಟರೆ ಇಡೀ ದಿನ ಬಸ್ಸು ಓಡಿಸಿದರೂ ಓಡಿಸಿಯಾರು! ‘ಸಾಯಂಕಾಲ’ ಬಿಟ್ಟೆ. ‘ಜನ್ನಾಪುರದ ಒಳಗೆ ಬರುವ ಬಸ್ಸು’ ಎಂದು ಬರೆದು ಪೂರ್ಣವಿರಾಮ ಹಾಕಿದೆ. ಸೆಲ್ವಿ ಕನ್ನಡವನ್ನು ಬಸ್ಸಿನ ಬೋರ್ಡು ನೋಡಿ ಕಲಿತವಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾಳೆ. ನಾನು ಬರೆದ ಸಾಲಿನ ಮೇಲೆ ಬೆರಳಿಟ್ಟು ಓದಿದಳು.

“ಅಕ್ಕಾ, ‘ಬೇಕು’ ಎಲ್ಲಿ?”

“ಮೇಲೇ ಹೆಡ್ಡಿಂಗಲ್ಲಿ ಇದೆಯಲ್ಲ ಸೆಲ್ವಿ. ಅಪೇಕ್ಷಣೆ ಅಂದ್ರೇನೇ ಬೇಕು ಅಂತ. ಪುನಃ ‘ಬೇಕು’ ಅಂತ ಬರೆದ್ರೆ ಅದು ದ್ವಿರುಕ್ತಿ. ದೋಷ!”

“ಆದ್ರೂ ಒಂದು ‘ಬೇಕು’ ಹಾಕಿದ್ರೆ ಒಳ್ಳೇದಲ್ವಾ?”

ನಾನು ಪೆನ್ನು ಕೆಳಗಿಟ್ಟು ದ್ವಿರುಕ್ತಿಯ ಬಗ್ಗೆ ಸೋದಾಹರಣವಾಗಿ ವಿವರಿಸಿದೆ. ಉಸಲಿ ತಣ್ಣಗಾಯಿತು. ಸೆಲ್ವಿ ಸಹಿ ಹಾಕಿದಳು.

ಆಮೇಲೆ ಕೆಲಸ ಸರಾಗವಾಯಿತು. “ಸೆಲ್ವಿಗೆ ಹಾಕಿದ್ದೇ ನಂಗೂ ಹಾಕಿ” ಎಂದರು ಒಬ್ಬರು. “ನಂಗೂ ಅದೇ” ಎಂದರು ಹಿಂದಿದ್ದವರು. ಜನ ಒಳಗೆ ಬರುತ್ತಲೇ “ಬಸ್ಸು!” ಎಂದು ಹೇಳಿ ಹಣೆ ಒಡ್ಡುತ್ತಿದ್ದರು. ನೂರಾ ನಲವತ್ತಮೂರು ಫಾರಂ! ನೂರಾ ನಲವತ್ತೆರಡರಲ್ಲಿ ಬಸ್ಸು. ಗೌರಜ್ಜಿ ಮಾತ್ರ, “ಮಾಳಿಗೆ ಮೇಲೆ ಹಪ್ಪಳ ಒಣಗಿಸಿರ್ತೀವಿ. ವಿಮಾನದೋರಿಗೆ ಸ್ವಲ್ಪ ಪಕ್ಕಕ್ಕೆ ಹೋಗೋಕೆ ಹೇಳು” ಎಂದಿದ್ದರು. ಅಷ್ಟೆಲ್ಲ ಬರೆಯಲು ಕೈ ನೋಯುತ್ತಿತ್ತು. ಅವರ ಫಾರಮ್ಮಿನಲ್ಲಿ ‘ಹಪ್ಪಳ’ ಎಂದು ಬರೆದೆ.

ಫಾರಂ ಒಪ್ಪಿಸಲು ಹೋದ ದಿನ ಸೆಲ್ವಿ ನನಗೆ ಒಂದು ಮೊಳ ಮಲ್ಲಿಗೆ ತಂದು ತಾನೇ ಮುಡಿಸಿದಳು. ಅದೇ ಏಳರ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋದೆವು. ನನಗೆ ಹೊಟ್ಟೆ ಕೂಡ ತೊಳೆಸಲಿಲ್ಲ! ಅವಳು ಕೋಟೆಯ ಕಡೆ ಹೋದಳು. ನಾನು ಎರಡನೇ ಸಭೆಗೆ ಅದೇ ಮಂಟಪಕ್ಕೆ ಹೋದೆ.

ಅಧಿಕಾರಿ ಮೇಲಿನ ಹತ್ತು ಫಾರಂ ತಿರುವಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೂ ಹತ್ತು ತಿರುವಿದರು.

“ಮೇಡಂ, ಇಷ್ಟೊಂದು ಒಗ್ಗಟ್ಟನ್ನ ನಾನು ಎಲ್ಲೂ ನೋಡಿಲ್ಲ. ಎಲ್ಲರೂ ಬಸ್ಸಿನ ವಿಷಯವೇ?”

“ಎಲ್ಲರೂ ಸಾರ್! ಇಡೀ ಜನ್ನಾಪುರದ ಧ್ವನಿ ಅದು!”

“ಜನಕ್ಕೆ ಅಷ್ಟು ಕಷ್ಟ ಆಗ್ತಿದೆಯಾ?”

“ಕಷ್ಟ ಅಂದ್ರೆ ಸಾಮಾನ್ಯ ಕಷ್ಟವಾ? ಹೆಂಗಸರ ಕಾಲು ನೋಡಬೇಕು ನೀವು. ಊದಿಕೊಂಡು ಇಷ್ಟು ದಪ್ಪ ಆಗಿವೆ!”

ಅವರು ಬಹಳ ಬೇಸರಪಟ್ಟರು. “ಛೇ. ಬಸ್ಸಿಂದ ಇಷ್ಟೆಲ್ಲ ತೊಂದರೆ ಇದೆ ಅಂತ ಯಾರೂ ನಮಗೆ ಹೇಳಿರಲಿಲ್ಲ. ಇಷ್ಟು ವರ್ಷ ಹೇಗೆ ಸಹಿಸಿಕೊಂಡ್ರಿ?”

ಬಸ್ಸಿಂದ ಎಂದು ಅವರು ಹೇಳಿದ್ದು ಬಸ್ಸಿಲ್ಲದ್ದರಿಂದ ಎಂದೇ ನನ್ನ ಕಿವಿಗೆ ಕೇಳಿಸಿತು. ಖುಷಿಯಲ್ಲಿದ್ದ ಕಿವಿ ತನಗೆ ಬೇಕಾದ್ದನ್ನೇ ಕೇಳುತ್ತದೆ. ಮೈಕಿನ ಹತ್ತಿರ ಹೋಗಿ ಸೆರಗು ಸರಿಮಾಡಿಕೊಂಡು ಹೇಳಿದೆ: “ಸಹಿಸಿದ್ದೀವಿ ಸಾರ್! ಇನ್ನು ಒಂದು ದಿನವೂ ಸಹಿಸಲ್ಲ! ವಿಮಾನ ಬರೋವರೆಗೂ ಕಾಯಬೇಡಿ. ಇದನ್ನ ತಕ್ಷಣ ಜಾರಿಗೆ ತರಬೇಕು!”

ಚಪ್ಪಾಳೆಯೋ ಚಪ್ಪಾಳೆ! ಅಧಿಕಾರಿ ಎದ್ದು ನಿಂತು, “ಖಂಡಿತ. ಸಂಬಂಧಪಟ್ಟವರಿಗೆ ಇವತ್ತೇ ಕಳಿಸ್ತೀನಿ” ಎಂದರು. ಆಮೇಲೆ ಸಂಕೋಚದಿಂದ, “ಹಪ್ಪಳದ ವಿಷಯ ಮಾತ್ರ ಸರಿಯಾಗಿ ತಿಳೀಲಿಲ್ಲ” ಎಂದರು.

“ಅದು ಗೌರಜ್ಜಿಯ ವೈಯಕ್ತಿಕ ಅಭಿಪ್ರಾಯ ಸಾರ್.”

ಮನೆಗೆ ಬಂದು ಯಜಮಾನರನ್ನು ನಿದ್ದೆಯಿಂದ ಎಬ್ಬಿಸಿ ಪೂರಾ ಭಾಷಣವನ್ನು ಇನ್ನೊಮ್ಮೆ ಮಾಡಿ ತೋರಿಸಿದೆ. ಅವರೂ ಚಪ್ಪಾಳೆ ತಟ್ಟಿದರು. ಬೇಗ ಮುಗಿಯಲಿ ಎಂದು ತಟ್ಟಿದ್ದಿರಬೇಕು. ಉಳಿದ ಖಾಲಿ ಫಾರಂಗಳನ್ನು ಅಡುಗೆಮನೆಯ ಗೂಡಿನಲ್ಲಿ ಡಬ್ಬಿಗಳ ಕೆಳಗೆ ಹಾಸಿದೆ. ಕಾಗದ ದಪ್ಪವಾಗಿ, ಚೆನ್ನಾಗಿತ್ತು.

ಸರಿಯಾಗಿ ಮೂರನೇ ವಾರದ ಸೋಮವಾರ ಬೆಳಿಗ್ಗೆ ಏಳಾಯಿತು. ಏಳೂಕಾಲಾಯಿತು. ಬಸ್ಸಿಲ್ಲ! ನೀರಿನ ಟ್ಯಾಂಕಿನ ಹತ್ತಿರ ಇಪ್ಪತ್ತು ಜನ ನಿಂತಿದ್ದರು. ಸೆಲ್ವಿ ಟಿಫಿನ್ ಚೀಲ ಹಿಡಿದುಕೊಂಡು ರಸ್ತೆಯ ತುದಿಯನ್ನೇ ನೋಡುತ್ತಿದ್ದಳು. ಗದ್ದಲ ಕೇಳಿ ನಾನೂ ಹೋದೆ. ಆಗ ಯಾರೋ ಟ್ಯಾಂಕಿನ ಗೋಡೆ ತೋರಿಸಿದರು. ಬಸ್ಸಿನವರು ಒಂದು ನೋಟೀಸು ಅಂಟಿಸಿ ಹೋಗಿದ್ದರು.

‘ಜನ್ನಾಪುರದ ಸಾರ್ವಜನಿಕರ ಒಕ್ಕೊರಲಿನ ಆಕ್ಷೇಪಣೆಯ ಮೇರೆಗೆ, ಬಡಾವಣೆಯ ಒಳಗೆ ಬರುವ ಬಸ್ಸನ್ನು ಇಂದಿನಿಂದ ನಿಲ್ಲಿಸಲಾಗಿದೆ. ಇಷ್ಟು ದಿನ ಬಂದು ತೊಂದರೆ ಕೊಟ್ಟಿದ್ದಕ್ಕೆ ವಿಷಾದಿಸುತ್ತೇವೆ.’

ನನ್ನ ರಕ್ತ ಕುದಿಯಿತು. “ಯಾರ್ರೀ ಅವನು ಪಾಪಿ? ಇರೋ ಒಂದು ಬಸ್ಸಿಗೂ ಆಕ್ಷೇಪಣೆ ಹಾಕಿದವನು?”

“ಸ್ವಂತ ಕಾರು ಇರೋರ ಕೆಲಸ ಇರಬೇಕು” ಎಂದರು ಒಬ್ಬರು.

“ಯಾರೇ ಆಗಿರ್ಲಿ! ಅವನ ಮನೆ ಬಾಗಿಲಿಗೇ ಹೋಗಿ ಕೇಳೋಣ. ಜನರ ಹೆಸರು ಹೇಳಿ ಜನರ ಬಸ್ಸು ನಿಲ್ಲಿಸೋಕೆ ಇವನ್ಯಾರು? ಬನ್ನಿ ನನ್ನ ಜೊತೆ!”

ಎಲ್ಲರೂ ಬಂದರು. ನಾನು ಮುಂದೆ, ಜನ ಹಿಂದೆ. ಎಲ್ಲಿಗೆ ಹೋಗಬೇಕು ಎಂದು ಯಾರಿಗೂ ಗೊತ್ತಿಲ್ಲದ ಕಾರಣ, ಮೊದಲು ಒಂದು ಖಂಡನಾ ಪತ್ರ ಬರೆಯೋಣ ಎಂದೆ. ಪೆನ್ನು ನಮ್ಮ ಮನೆಯಲ್ಲಿತ್ತು. ಮೆರವಣಿಗೆ ನಮ್ಮ ಮನೆಗೇ ಬಂತು. “ಬಸ್ಸು ನಿಲ್ಲಿಸಿದ ಪಾಪಿಗೆ!” ಎಂದು ನಾನು ಕೂಗಿದೆ. “ಧಿಕ್ಕಾರ!” ಎಂದು ಇಪ್ಪತ್ತು ಜನ ನಮ್ಮ ಬಾಗಿಲಿನ ಕಡೆ ತಿರುಗಿಕೊಂಡು ಕೂಗಿದರು.

ಬಾಗಿಲು ತೆರೆಯಿತು. ಆಗತಾನೆ ಶಿಫ್ಟ್ ಮುಗಿಸಿ ಬಂದು ಚಹಾಪುಡಿ ಹುಡುಕುತ್ತಿದ್ದ ಯಜಮಾನರು ಹೊರಗೆ ಬಂದರು. ಕೈಯಲ್ಲಿ ಗೂಡಿನಿಂದ ಎಳೆದ ಒಂದು ಫಾರಂ. ಅದರ ಮೇಲೆ ಡಬ್ಬಿಯ ದುಂಡನೆಯ ಗುರುತು.

“ಮಾರಾಯ್ತಿ, ಸ್ವಲ್ಪ ಇಲ್ಲಿ ಬಾ.”

“ಇರ್ರೀ, ನಾವು ಆ ಪಾಪೀನ ಹುಡುಕ್ತಿದ್ದೀವಿ!”

“ಸಿಕ್ಕಿದ್ದಾನೆ. ವಿಳಾಸ ನಮ್ಮನೇದೇ.”

ಫಾರಂ ಕೈಗೆ ತೆಗೆದುಕೊಂಡೆ. ಜೀವನದಲ್ಲಿ ಮೊದಲ ಸಲ ಅದರ ತಲೆಬರಹ ಓದಿದೆ. ‘ಜನ್ನಾಪುರದ ಸಾರ್ವಜನಿಕರ ಆಕ್ಷೇಪಣೆ.’ ಪ ಹಿಂದೆ ಹೋಗಿತ್ತು, ಕ್ಷ ಮುಂದೆ ಬಂದಿತ್ತು. ಇಮ್ತಿಯಾಜ್ ಭಾಯ್ ನನ್ನ ಹೊಸ ಪದವನ್ನು ಹಳೆಯ ತಪ್ಪೆಂದು ತಿಳಿದು, ನನ್ನನ್ನೇ ಕೇಳಿ, ಶ್ರದ್ಧೆಯಿಂದ ತಿದ್ದಿದ್ದರು. ಅದರ ಕೆಳಗೆ ನಾನು ನನ್ನ ದುಂಡನೆಯ ಅಕ್ಷರದಲ್ಲಿ ನೂರಾ ನಲವತ್ತೆರಡು ಸಲ ಬರೆದಿದ್ದೆ: ‘ಜನ್ನಾಪುರದ ಒಳಗೆ ಬರುವ ಬಸ್ಸು.’ ಎಲ್ಲೂ ಒಂದು ‘ಬೇಕು’ ಇಲ್ಲ. ಬಸ್ಸಿನ ಮಾಲೀಕರಿಗೂ ನಮ್ಮ ಗುಂಡಿ ರಸ್ತೆಯಿಂದ ತಪ್ಪಿಸಿಕೊಳ್ಳಲು ಒಂದು ನೆಪ ಸಾಕಾಗಿತ್ತು. ಅದರ ಮೇಲೆ, ‘ತಕ್ಷಣ ಜಾರಿಗೆ ತನ್ನಿ’ ಎಂದು ಮೈಕಿನಲ್ಲಿ ಅಬ್ಬರಿಸಿ ಬಂದಿದ್ದೆನಲ್ಲ!

ಧಿಕ್ಕಾರ ಕೂಗಿದವರಿಗೆ ಫಾರಂ ತೋರಿಸಿ ನಡೆದದ್ದನ್ನು ಹೇಳಿದೆ. ಯಾರೂ ಬೈಯಲಿಲ್ಲ. ಒಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಗದೆ ನಿಂತವಳು ಸೆಲ್ವಿ ಒಬ್ಬಳೇ. ಟಿಫಿನ್ ಚೀಲ ಇನ್ನೂ ಕೈಯಲ್ಲೇ ಇತ್ತು.

“ಮೇಟ್ರನ್ ಹೇಳಿದಾರೆ ಅಕ್ಕಾ. ಇನ್ನು ಎರಡು ಸಲ ಲೇಟಾದ್ರೆ ಬೇರೆಯವರನ್ನ ತಗೋತಾರಂತೆ.” ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದಳು. “ನಾನು ಅವತ್ತೇ ಕೇಳ್ದೆ. ಬೇಕು ಎಲ್ಲಿ ಅಂತ.”

ಬೈದಿದ್ದರೆ ಸಹಿಸುತ್ತಿದ್ದೆ. ಅವಳ ಮುಖ ನೋಡಲಾಗದೆ ನನಗೆ ಅಳು ಬಂತು. ದ್ವಿರುಕ್ತಿ ಪಾಠ ಹೇಳಿದ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು. ಒಳಗೆ ಹೋಗಿ ಯಜಮಾನರ ಹಳೇ ಮೊಪೆಡ್ಡಿನ ಕೀಲಿ ತಂದೆ.

“ಹತ್ತು.”

“ನಿಮಗೆ ಓಡಿಸೋಕೆ ಬರುತ್ತಾ ಅಕ್ಕಾ?”

“ನಿಲ್ಲಿಸೋಕೆ ಸರಿಯಾಗಿ ಬರಲ್ಲ. ಹೋಗೋಕೆ ಬರುತ್ತೆ.”

ಸೆಲ್ವಿ ದಾರಿಯುದ್ದಕ್ಕೂ “ಮುರುಗಾ! ಮುರುಗಾ!” ಎನ್ನುತ್ತ ನನ್ನ ಸೊಂಟ ಹಿಡಿದುಕೊಂಡಿದ್ದಳು. ಮೈನ್ ರೋಡಿನಲ್ಲಿ ಹೊರಟಿದ್ದ ಬಸ್ಸಿನ ಮುಂದೆ ನನ್ನ ಮೊಪೆಡ್ ಅಡ್ಡ ನಿಂತಿತು. ನಾನು ನಿಲ್ಲಿಸಿದ್ದಲ್ಲ, ಅದೇ ನಿಂತಿತು. ಅವತ್ತು ಸೆಲ್ವಿ ತಡವಾಗಿಯೇ ಮುಟ್ಟಿದಳು. ಆದರೆ ಮರುದಿನದಿಂದ ಬೆಳಿಗ್ಗೆ ಆರೂಮುಕ್ಕಾಲಿಗೆ ಮತ್ತು ಸಂಜೆ ಆರಕ್ಕೆ ನನ್ನ ಮೊಪೆಡ್ ತಪ್ಪದೆ ಹಾಜರು! ವಿಮಾನ ನಿಲ್ದಾಣದ ಸುತ್ತಲಿನ ಸಾರಿಗೆ ಅಭಿವೃದ್ಧಿ ಯೋಜನೆಯಲ್ಲಿ ಮೊಟ್ಟಮೊದಲು ಜಾರಿಗೆ ಬಂದದ್ದು ಈ ಸೇವೆಯೇ.

ಅಧಿಕಾರಿಯ ಬಳಿ ಓಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ಒರೆಸಿ, “ಅಪೇಕ್ಷಣೆ ಅಂದ್ರೇನು ಮೇಡಂ?” ಎಂದು ಕೇಳಿದರು. ನಾನು ಫಾರಮ್ಮಿನ ಕೆಳಗಿದ್ದ ‘ಕನ್ನಡ ಬಿ.ಎ.’ಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೆ. “ಪರವಾಗಿಲ್ಲ. ಆಕ್ಷೇಪಣೆ ಹಾಕಿದ ಪ್ರತಿಯೊಬ್ಬರೂ ಪುನಃ ಸಹಿ ಮಾಡಿ ವಾಪಸ್ ತಗೊಂಡ್ರೆ ಬಸ್ಸಿನವರಿಗೆ ನಾನೇ ಹೇಳ್ತೀನಿ” ಎಂದರು.

ಹೊಸ ಅರ್ಜಿ ಬರೆಯಬೇಕಲ್ಲ? ಪೆನ್ನು ಹಿಡಿದು ಕೂತೆ. ‘ಮಾನ್ಯರೇ, ಈ ಹಿಂದಿನ ಆಕ್ಷೇಪಣೆಯನ್ನು ಹಿಂಪಡೆಯುವ ಸದುದ್ದೇಶದಿಂದ...’ ಎಂದು ಶುರುಮಾಡಿದ್ದೆ. ಸೆಲ್ವಿ ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಹಾಳೆಯ ಮೇಲೆ ಬಸ್ಸಿನ ಬೋರ್ಡಿನಷ್ಟು ದಪ್ಪ ಅಕ್ಷರದಲ್ಲಿ ತಾನೇ ಬರೆದಳು. ‘ಬೆಳಿಗ್ಗೆ ಬಸ್ಸು ಬೇಕು. ಸಾಯಂಕಾಲ ಬಸ್ಸು ಬೇಕು.’

“ಎರಡು ಸಲ ‘ಬೇಕು’ ಬಂತಲ್ಲ ಸೆಲ್ವಿ...” ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆ ಹಾಳೆ ಹಿಡಿದು ಮನೆ ಮನೆ ಹತ್ತಿದೆ. ನೂರಾ ನಲವತ್ತಮೂರು ಬಾಗಿಲಲ್ಲಿ ನೂರಾ ನಲವತ್ತಮೂರು ಸಲ ನನ್ನ ತಪ್ಪನ್ನು ಮೊದಲಿಂದ ಕೊನೆವರೆಗೆ ಹೇಳಿದೆ. ಕೆಲವರಿಗೆ ಕಥೆ ಎಷ್ಟು ಇಷ್ಟವಾಯಿತೆಂದರೆ, ನೆಂಟರು ಬಂದಾಗ ಮತ್ತೆ ಕರೆಸಿ ಹೇಳಿಸಿದರು. ಇಮ್ತಿಯಾಜ್ ಭಾಯ್ ಪಾಪ, “ಅಕ್ಕಾ, ನಾನು ಡಿಕ್ಷನರಿ ಕೂಡ ನೋಡಿದ್ದೆ” ಎಂದು ತಲೆ ತಗ್ಗಿಸಿ, ತಾವು ಫಾರಂ ತುಂಬಿರದಿದ್ದರೂ ಮೊದಲ ಸಹಿ ಹಾಕಿದರು. ಗೌರಜ್ಜಿ ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡರು.

“ನಂದು ವಾಪಸ್ ಬೇಡ ಮಗಾ. ಮಾಳಿಗೆ ಮೇಲೆ ಇವತ್ತಿನವರೆಗೂ ಒಂದು ವಿಮಾನ ಬಂದಿಲ್ಲ. ನೀನು ಬರೆದದ್ದು ಚೆನ್ನಾಗೇ ಕೆಲಸ ಮಾಡಿದೆ!”

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸರಿಯಾಗಿ ಏಳಕ್ಕೆ ಟ್ಯಾಂಕಿನ ಹತ್ತಿರ ಹಾರ್ನ್ ಕೇಳಿಸಿತು. ನಾನು ದೋಸೆಯನ್ನು ಕಾವಲಿಯ ಮೇಲೇ ಬಿಟ್ಟು ಓಡಿದೆ! ಬಸ್ಸು! ಅದರ ಹಣೆಗೆ ಸೆಲ್ವಿ ಕುಂಕುಮ ಇಡುತ್ತಿದ್ದಳು. ಕಂಡಕ್ಟರ್ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, “ಮೇಡಂ, ಹೊರಡ್ಲಾ? ಆಕ್ಷೇಪಣೆ ಏನೂ ಇಲ್ಲ ತಾನೆ?” ಎಂದ. ಇಡೀ ಬಸ್ಸು ನಕ್ಕಿತು. ಅವತ್ತಿನಿಂದ ಜನ್ನಾಪುರದಲ್ಲಿ ನನ್ನ ಹೆಸರು ಆಕ್ಷೇಪಣೆ ವಿಶಾಲಮ್ಮ.

ಸಾಯಂಕಾಲದ ಬಸ್ಸೂ ಬಂತು. ಅದರಿಂದ ಇಳಿದ ಮೊದಲ ದಿನ ಸೆಲ್ವಿ ನೇರ ನಮ್ಮ ಮನೆಗೆ ಬಂದು, ಊದದ ಕಾಲುಗಳನ್ನು ನೆಲಕ್ಕೆ ಊರಿ ತೋರಿಸಿದಳು. ವಿಮಾನ ಮಾತ್ರ ಆಗ ಬರಲಿಲ್ಲ. ನಿಲ್ದಾಣಕ್ಕೆಂದು ಗುರುತು ಮಾಡಿದ ಜಾಗದಲ್ಲಿ ಬಹಳ ದಿನ ದನ ಮೇಯುತ್ತಿದ್ದವು.

ಅವತ್ತು ಸೆಲ್ವಿಯನ್ನು ಕೂರಿಸಿ ನಾನು ಒಳಗೆ ಓಡಿ ಕಾಫಿಗೆ ನೀರಿಟ್ಟೆ. “ರೀ, ನಿಮಗೂ ಕಾಫಿ?” ಎಂದು ಕೇಳಿದೆ. ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. “ಕಾಫಿ” ಎಂದರು. ಆಮೇಲೆ ಏನೋ ನೆನಪಾದವರಂತೆ ಗಾಬರಿಯಿಂದ ಪೇಪರು ಕೆಳಗಿಟ್ಟು ಜೋರಾಗಿ ಕೂಗಿದರು.

“ಬೇಕು ಮಾರಾಯ್ತಿ, ಬೇಕು!”